ನೀನ್ ಕೊಟ್ಟ ಕರಡಿ ಹೊಟ್ಟೆ ಕೊಯ್ದೆ, ಬೈಬೇಡ

ವಿದ್ಯಾನಗರ, ದಾವಣಗೆರೆ
ನವೆಂಬರ್ 3, 2024

ದೋಸ್ತಾ,

ಗುರುವಾರದಿಂದ ಭಾನುವಾರದ ತನಕ ಸಾಲಾಗಿ ನಾಕ್ ದಿನ ರಜಾ ಇತ್ತು, ಆದ್ರೂ ನೀನು ಬೆಂಗ್ಳೂರು ಬಿಟ್ಟು ಅಲ್ಲಾಡ್ಲಿಲ್ಲ. ಬಂದಿದ್ರೆ ಈ ವಿಷ್ಯ ಬೆಣ್ಣೆದೋಸೆ ಮುಂದೆ ಕೂತು ಹೇಳ್ತಿದ್ದೆ, ಬೈಯೋಕೆ ನಿನ್ ಬಾಯೂ ಖಾಲಿ ಇರ್ತಿರ್ಲಿಲ್ಲ. ನನ್ ಮಗಳು ಪುಟ್ಟಿ ನಾಮಕರಣಕ್ಕೆ ಒಂದು ಕಂದು ಕರಡಿ ಬೊಂಬೆ ತಂದಿದ್ಯಲ್ಲ, ಅದರ ಹೊಟ್ಟೆ ಕೊಯ್ದೆ ಕಣೋ, ಎರಡು ಕಣ್ಣೂ ಕಿತ್ತೆ.

ಆಗಿದ್ದೇನಂದ್ರೆ ಈ ಸಲ ಅಕ್ಟೋಬರ್ 31ಕ್ಕೆ ಹ್ಯಾಲೋವೀನೂ ನರಕ ಚತುರ್ದಶಿನೂ ಒಂದೇ ದಿನ ಬಂದ್ವು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ನಮ್ ಬೀದಿ ಹುಡುಗ್ರದ್ದು ದೆವ್ವದ ವೇಷ. ಅಮ್ಮ ಕೇಳಿದ್ಲು ಅದೇನ್ ಹಬ್ಬನೋ ಕುಂಬಳಕಾಯಿ ಕೊರ್ದು ದೀಪ ಇಡೋದು ಅಂತ, ಐರ್ಲೆಂಡ್ನಲ್ಲಿ ಮೊದ್ಲು ಟರ್ನಿಪ್ ಕೊರೀತಿದ್ರಂತೆ ಅಮೆರಿಕಾಕ್ಕೆ ಹೋದ್ಮೇಲೆ ಕುಂಬಳಕಾಯಿಗೆ ಬಂದ್ರಂತೆ ಅಂತ ಹೇಳ್ದೆ. 'ನಾವು ಆಯುಧಪೂಜೇಲಿ ಒಡೀತೀವಿ, ಅವ್ರು ಕೊರೀತಾರೆ, ಹೋಗ್ಲಿ ಬಿಡು' ಅಂದು ಹೂರಣ ರುಬ್ಬೋಕೆ ಹೋದ್ಲು. ಪುಟ್ಟಿಗೆ ಮಾತ್ರ ಕರಡಿಗೆ ಕೆಂಪು ಕಣ್ಣು ಬೇಕು, ಅದೂ ಅಪ್ಪ ಫೋನಲ್ಲಿ ಒತ್ತಿದ್ರೆ ಹತ್ಕೋಬೇಕು.

ಡಿಪ್ಲೊಮಾದಲ್ಲಿ ನೀನ್ ಬಿಟ್ಟೋದ ಸೋಲ್ಡರಿಂಗ್ ಐರನ್ ಇನ್ನೂ ನಮ್ಮನೇಲೇ ಐತೆ, ಗೊತ್ತಲ್ಲ. ವೈಫೈ ಇರೋ ಇಎಸ್‌ಪಿ8266 ಅನ್ನೋ ಸಣ್ಣ ಬೋರ್ಡು ಒಂದು, 5 ಎಂಎಂ ಕೆಂಪು ಎಲ್‌ಇಡಿ ಎರಡು, ಕರೆಂಟ್ ಹದ್ದುಬಸ್ತಲ್ಲಿಡೋಕೆ ಒಂದೊಂದಕ್ಕೂ 220 ಓಮ್ ರೆಸಿಸ್ಟರ್, ಅಷ್ಟೇ ಸಾಮಾನು. ಬೋರ್ಡೇ ಒಂದು ಸಣ್ಣ ವೈಫೈ ಆಗುತ್ತೆ, ಫೋನ್ ಅದಕ್ಕೆ ಕನೆಕ್ಟ್ ಮಾಡಿ ಬ್ರೌಸರಲ್ಲಿ ಬೋರ್ಡಿನ ಅಡ್ರೆಸ್ 192.168.4.1 ಹೊಡೆದ್ರೆ ಎರಡು ಬಟನ್ ಬರ್ತವೆ, ಆನ್ ಆಫ್. ಆಪೂ ಬೇಡ ಏನೂ ಬೇಡ. ಆದ್ರೆ ಈ ಫೋನು ಭಾಳ ಶಾಣ್ಯಾ, ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ತಾನೇ ಮೊಬೈಲ್ ಡೇಟಾಕ್ಕೆ ಹಾರುತ್ತೆ, ಪೇಜ್ ಓಪನ್ನೇ ಆಗಲ್ಲ. ಡೇಟಾ ಆಫ್ ಮಾಡ್ಬೇಕು ಅಂತ ಹೊಳೆಯೋಕೆ ನಂಗೆ ಒಂದು ಗಂಟೆ ಬೇಕಾಯ್ತು.

ಕಣ್ಣಿನ ಕೆಲ್ಸ ಮಾತ್ರ ಚೆನ್ನಾಗಿ ಬಂತು ನೋಡು. ಪ್ಲಾಸ್ಟಿಕ್ ಕಣ್ಣಿಗೆ ಹಿಂದ್ಗಡೆ ಒಂದು ಕಡ್ಡಿ, ಅದಕ್ಕೊಂದು ವಾಷರ್ ಬಿಗಿದಿರ್ತಾರೆ, ಕಟರ್‌ನಲ್ಲಿ ಕಡ್ಡಿ ಕತ್ತರಿಸಿದ್ರೆ ಬಟ್ಟೇಲಿ ಸಣ್ಣ ತೂತು ಉಳಿಯುತ್ತೆ, ಎಲ್‌ಇಡಿ ಒಳಗಿಂದ ತೂರಿಸಿದ್ರೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಬರೀ ಎಲ್‌ಇಡಿ ಸೂಜಿಮೊನೆ ಥರ ಕಣ್ಣಿಗೆ ಚುಚ್ತಿತ್ತು, ಮೇಲೆ ಗ್ಲೂಗನ್ನಿಂದ ಒಂದು ಹನಿ ಅಂಟು ಬಿಟ್ಟೆ, ಆರಿದ್ಮೇಲೆ ಹಾಲಿನ ಗಾಜಿನಂಗೆ ಆಯ್ತು, ಬೆಳಕು ಹರಡ್ಕೊಂಡು ಉಂಡಗೆ ನಿಜವಾದ ಕಣ್ಣಿನಂಗೇ ಕಾಣುತ್ತೆ. ಎಡಗಣ್ಣು ಸ್ವಲ್ಪ ಮೆಳ್ಳಗಣ್ಣು ಆಗೈತೆ, ಅದೇ ಜಾಸ್ತಿ ಹೆದರಿಸುತ್ತೆ.

ಹೊಟ್ಟೇಲಿ ಮೊದ್ಲು ಪವರ್ ಬ್ಯಾಂಕ್ ಇಟ್ಟಿದ್ದೆ. ಹುಡುಗ್ರೆಲ್ಲ ಕತ್ತಲಲ್ಲಿ ಕೂತು ನೋಡ್ತಿದಾರೆ, ಕಣ್ಣು ಹತ್ತಿದ್ವು, ಹೋ ಅಂದ್ರು, ಅರ್ಧ ನಿಮಿಷಕ್ಕೆ ಎಲ್ಲಾ ಫುಲ್ ಡೆಡ್. ಈ ಸರ್ಕೀಟು ಎಳೆಯೋದು 80 ಮಿಲಿಆಂಪ್ ಆಜುಬಾಜು, ಅಷ್ಟು ಕಮ್ಮಿ ಎಳೆದ್ರೆ ಯಾರೂ ಚಾರ್ಜ್ ಮಾಡ್ತಿಲ್ಲ ಅನ್ಕೊಂಡು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತೆ. ಒಂದು ರೆಸಿಸ್ಟರ್ ಅಡ್ಡ ಹಾಕಿ ಸುಮ್ನೆ ಕರೆಂಟ್ ಸುಡೋಣ ಅನ್ನಿಸ್ತು, ಆದ್ರೆ ಹತ್ತಿ ಮಧ್ಯೆ ಬಿಸಿ ರೆಸಿಸ್ಟರ್, ಮಗು ಅದನ್ನೇ ತಬ್ಕೊಂಡು ಮಲಗೋದು, ಬೇಡಪ್ಪಾ. ಲಿಥಿಯಂ ಸೆಲ್ಲೂ ಬೇಡ ಅಂತ ಅಂಗಡಿಗೆ ಓಡಿ ನಾಕು ಪೆನ್ಸಿಲ್ ಸೆಲ್ಲು ಡಬ್ಬಿ ತಂದು ಹಾಕ್ದೆ, 6 ವೋಲ್ಟು, ನಡೀತು.

ಈಗ ನಿಜವಾದ ಕಥೆ ಕೇಳು. ರಾತ್ರಿ ಹತ್ತೂವರೆ, ಪುಟ್ಟಿ ಮಲಗಿದಾಳೆ, ಕರಡಿ ಹಾಲ್‌ನಲ್ಲಿ ಕುರ್ಚಿ ಮೇಲೆ, ನನ್ ಫೋನ್ ಚಾರ್ಜಿಗೆ. ಅಮ್ಮ ನೀರು ಕುಡಿಯೋಕೆ ಎದ್ದು ಬಂದ್ಲು, ಕಣ್ಣು ಹತ್ಕೊಂಡ್ವು. ಆರಿದ್ವು. ಮತ್ತೆ ಹತ್ಕೊಂಡ್ವು. ಚೊಂಬು ಬಿದ್ದ ಸದ್ದಿಗೆ ಬೀದಿ ನಾಯಿಗಳೆಲ್ಲ ಎದ್ದು ಬೊಗಳಿದ್ವು. ನಾನು ಲೂಸ್ ಕನೆಕ್ಷನ್ ಅನ್ಕೊಂಡು ಕರಡಿ ಅಲ್ಲಾಡಿಸ್ತಿದ್ದೀನಿ, ಅಷ್ಟರಲ್ಲಿ ಪಕ್ಕದ ಮನೆ ಟೆರೇಸಿಂದ ಕಿಸಕ್ ಅಂತ ನಗು. ವೈಫೈಗೆ ಪಾಸ್‌ವರ್ಡೇ ಹಾಕಿರ್ಲಿಲ್ಲ ನಾನು, ಹೆಸ್ರು ಬೇರೆ 'ಕರಡಿ' ಅಂತ ಇಟ್ಟಿದ್ದೆ, ಎಂಟನೇ ಕ್ಲಾಸಿನ ಪೋರ ಸಂಜೆ ನನ್ ಕೈ ನೋಡ್ಕೊಂಡು ಅಡ್ರೆಸ್ ನೆನಪಿಟ್ಕೊಂಡಿದ್ದ!

ಪಾಸ್‌ವರ್ಡ್ ಹಾಕಿದೀನಿ, ಎಂಟು ಅಕ್ಷರಕ್ಕಿಂತ ಕಮ್ಮಿ ತಗಳಲ್ಲ ಅದು, ನಿನ್ ಕಾಲೇಜು ಅಡ್ಡಹೆಸ್ರನ್ನ ಎರಡು ಸಲ ಬರ್ದೆ, ಸರಿ ಹೋಯ್ತು. ಅಮ್ಮ ಒಂದಿನ ಕರಡಿ ಕಡೆ ತಿರುಗೂ ನೋಡ್ಲಿಲ್ಲ. ನಿನ್ನೆ ಪಾಡ್ಯದ ದಿನ ಬಾಗ್ಲಲ್ಲಿ ಸಗಣಿ ಹಟ್ಟಿಲಕ್ಕವ್ವನ್ನ ಇಟ್ಟು, ಉತ್ತರಾಣಿ ಕಡ್ಡಿ ಚೆಂಡುಹೂ ಸಿಕ್ಕಿಸಿ, ಒಳಗೆ ಬಂದು ಕರಡಿನ ಎತ್ಕೊಂಡೋಗಿ ಬೀದಿ ಕಡೆ ಮುಖ ಮಾಡಿ ಕಿಟಕೀಲಿ ಕೂರಿಸಿದ್ಲು. ಯಾಕಮ್ಮಾ ಅಂದೆ. 'ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟಲ್ವಾ, ಇದಕ್ಕೆ ಲೈಟ್ ಬೇರೆ ಐತೆ' ಅಂದ್ಲು.

ಒಂದು ಕೆಲ್ಸ ಮಾಡು, ಬರೋವಾಗ ನಿಮ್ ಬೆಂಗ್ಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ ಎಸ್‌ಪಿ ರೋಡಲ್ಲಿ ಒಂದು ಸಣ್ಣ ಸ್ಲೈಡ್ ಸ್ವಿಚ್ ತಗಂಬಾ. ನಾನು ಸ್ವಿಚ್ ಇಡೋದೇ ಮರ್ತಿದೀನಿ, ದಿನಾ ರಾತ್ರಿ ಹೊಟ್ಟೆಗೆ ಕೈ ಹಾಕಿ ಸೆಲ್ ಕೀಳ್ಬೇಕು, ಪುಟ್ಟಿ ನೋಡ್ದಾಗೆಲ್ಲ ಅಳ್ತಾಳೆ.

ನಿನ್ನ ದೋಸ್ತ