ಮೊದಲು ಲಿಫ್ಟಿನ ಬಾಗಿಲು ಅಳೆ

ಗೆಳೆಯಾ,

ಚಿಕ್ಕ ಮನೆಗಳಿಗೆ ಫರ್ನಿಚರ್ ಮಾಡುವ ಕಂಪನಿ ತೆಗೀತೀನಿ ಅಂದೆಯಲ್ಲ, ಲೋಗೋ ಆಮೇಲೆ ನೋಡಿಕೊಂಡರಾಯಿತು. ಟೇಪು ಹಿಡಿದು ನಾಲ್ಕು ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲು ಅಳೆದು ಬಾ. ಸಣ್ಣ ಲಿಫ್ಟಾದರೆ 700 ಮಿ.ಮೀ. ಅಷ್ಟೇ. ಬೆಂಗಳೂರಲ್ಲಿ ನಿನ್ನ ಗಿರಾಕಿ ಬಾಡಿಗೆ ಮನೆಯವನು. 11 ತಿಂಗಳ ಕರಾರು ಮುಗಿದರೆ ಗಂಟುಮೂಟೆ ಕಟ್ಟಬಹುದು. ಹಾಗಾಗಿ ಬಿಚ್ಚಿ ಕಟ್ಟಿದ ಒಂದೊಂದು ಕಟ್ಟು 2 ಮೀಟರ್ ಉದ್ದ, 30 ಕೆ.ಜಿ. ತೂಕ ದಾಟಬಾರದು. ನಾಲ್ಕೈದು ಸಲ ಬಿಚ್ಚಿ ಜೋಡಿಸಿದರೂ ಅಲುಗಾಡಬಾರದು.

ಎಡವುವುದು ಇಲ್ಲೇ. ಪಾರ್ಟಿಕಲ್ ಬೋರ್ಡಿಗೆ, ಅಂದರೆ ಮರದ ಚೂರು ಅಂಟಿಸಿ ಒತ್ತಿದ ಹಲಗೆಗೆ, ನೇರ ಸ್ಕ್ರೂ ಹೊಡೆದರೆ, ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ತೂತು ಪುಡಿಪುಡಿ, ಹಿಡಿತವೇ ಇರುವುದಿಲ್ಲ. 18 ಮಿ.ಮೀ. ಪ್ಲೈವುಡ್ ತಗೋ. ಮೂಲೆಗೆ ಮಿನಿಫಿಕ್ಸ್ (ತಿರುಗಿಸಿದರೆ ಎರಡು ಹಲಗೆ ಬಿಗಿದು ಹಿಡಿಯುವ, ಮತ್ತೆ ಬಿಚ್ಚಬಹುದಾದ ಲೋಹದ ಜೋಡಣೆ), ಅದರ ಪಕ್ಕ 8 ಮಿ.ಮೀ. ಮರದ ಡೋವೆಲ್, ಅಂದರೆ ತೂತಿನಲ್ಲಿ ಕೂರುವ ಗೂಟ. ಭಾರ ಹೊರುವುದು ಡೋವೆಲ್, ಬಿಗಿ ಹಿಡಿಯುವುದು ಮಿನಿಫಿಕ್ಸ್. ಮಂಚಕ್ಕೆ ಅದೂ ಸಾಲದು, ಬೋಲ್ಟು ಮತ್ತು ಬ್ಯಾರೆಲ್ ನಟ್ಟೇ (ಹಲಗೆಯೊಳಗೆ ಅಡ್ಡ ಕೂರುವ ಉರುಳೆಯಾಕಾರದ ನಟ್ಟು) ಬೇಕು. ಸಿಂಕಿನ ಹತ್ತಿರದ ಕೆಲಸಕ್ಕೆ ನೀರು ತಡೆಯುವ ಐಎಸ್ 710 ಗುರುತಿನ ಪ್ಲೈವುಡ್, ಉಳಿದದ್ದಕ್ಕೆ ಸಾಮಾನ್ಯ ಬಳಕೆಯ ಐಎಸ್ 303 ಸಾಕು.

ಪ್ಲೈವುಡ್ ಹಾಳೆ 2440 x 1220 ಮಿ.ಮೀ. ಕಪಾಟಿನ ಆಳ 300 ಇಟ್ಟರೆ ಅಗಲದಲ್ಲಿ ನಾಲ್ಕು ಪಟ್ಟಿ ಬರುತ್ತದೆ. 305 ಬರೆದೆಯೋ, ಗರಗಸ ಪ್ರತಿ ಕೊಯ್ತಕ್ಕೂ ತಿನ್ನುವ 3 ಮಿ.ಮೀ.ಗೆ ಜಾಗವಿಲ್ಲದೆ ಮೂರೇ. ಐದು ಮಿ.ಮೀ. ಆಸೆಗೆ ಕಾಲು ಹಾಳೆ ಗೋವಿಂದ!

ಹೈಡ್ರಾಲಿಕ್ ಮಂಚದ, ಅಂದರೆ ಹಾಸಿಗೆ ಸಮೇತ ಮುಚ್ಚಳ ಎತ್ತಿ ಒಳಗೆ ಸಾಮಾನಿಡುವ ಮಂಚದ, ದೂರುಗಳಲ್ಲಿ ಬಹಳಷ್ಟು ಆ ಮುಚ್ಚಳ ಎತ್ತಿ ಹಿಡಿಯುವ ಗ್ಯಾಸ್ ಪಿಸ್ಟನ್ನಿನವು. ಫೋಮ್ ಹಾಸಿಗೆಗೆಂದು ಲೆಕ್ಕ ಹಾಕಿದ ಪಿಸ್ಟನ್ ಮೇಲೆ ತೆಂಗಿನನಾರಿನ ಭಾರದ ಹಾಸಿಗೆ ಹಾಕಿದರೆ ಮುಚ್ಚಳ ಮೇಲೆ ನಿಲ್ಲುವುದಿಲ್ಲ. ಉಲ್ಟಾ ಆದರೆ ಕೆಳಗೆ ಕೂರುವುದೇ ಇಲ್ಲ. ಆರ್ಡರ್ ಹಾಳೆಯಲ್ಲೇ ಹಾಸಿಗೆಯ ತೂಕ ಕೇಳು. ಗೋಡೆಗೆ ಮಡಿಚುವ ಮಂಚದ ಗೊಡವೆ ಸದ್ಯಕ್ಕೆ ಬೇಡ: ಹಗುರ ಬ್ಲಾಕಿನ ಗೋಡೆಯಲ್ಲಿ ಸ್ಕ್ರೂ ಹಿಡಿಯುವ ಸಾದಾ ಪ್ಲಗ್ ಕಿತ್ತು ಬರುತ್ತದೆ, ಮೇಲಾಗಿ ಡ್ರಿಲ್ ಅಂದರೆ ಓನರ್ ಮುಖ ಗಂಟಿಕ್ಕುತ್ತಾರೆ.

ಮಷೀನ್ ಕೊಳ್ಳಬೇಡ. ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಪ್ಯಾನೆಲ್ ಸಾ (ಹಾಳೆ ಕೊಯ್ಯುವ ಗರಗಸ), ಎಡ್ಜ್‌ಬ್ಯಾಂಡಿಂಗ್ (ಹಲಗೆಯ ಅಂಚಿಗೆ ಪಟ್ಟಿ ಅಂಟಿಸುವುದು) ಎರಡೂ ಜಾಬ್‌ವರ್ಕಿಗೆ, ಅಂದರೆ ಕೂಲಿ ಕೊಟ್ಟು ಮಾಡಿಸಿಕೊಳ್ಳಲು, ಸಿಗುತ್ತದೆ. ಹಲಗೆಯ ನಾಲ್ಕೂ ಅಂಚು ಮುಚ್ಚಿಸು. ಕಾಣದ ಹಿಂಬದಿಯ ಅಂಚು ಬಿಟ್ಟರೆ ಮಳೆಗಾಲದಲ್ಲಿ ತೇವ ನುಗ್ಗುವುದು ಅಲ್ಲಿಂದಲೇ.

ಇನ್ನೊಂದು. ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕುವ ಮುಂಚೆ 2000ದ ಡಿಸೈನ್ಸ್ ಕಾಯಿದೆಯಡಿ ನೋಂದಣಿಗೆ ಅರ್ಜಿ ಹಾಕು. ಮೊದಲೇ ಜಗಜ್ಜಾಹೀರಾದರೆ ಹೊಸತನ ಹೋಯಿತು. ಸಿಗುವ ರಕ್ಷಣೆ 10 ವರ್ಷ, ನವೀಕರಿಸಿದರೆ ಮತ್ತೆ 5. ಅದೂ ರೂಪಕ್ಕೆ ಮಾತ್ರ, ಮಡಿಚುವ ತಂತ್ರಕ್ಕಿಲ್ಲ.

ಮೊದಲ ಮಾದರಿಗೆ ಒಳಗೆ ಅಕ್ಕಿಮೂಟೆ ಹಿಡಿಸುವ ಕೂರುವ ಬೆಂಚು ಮಾಡು. ಅಂಗಡಿಯಲ್ಲಿ ಈಗ 26 ಕೆ.ಜಿ. ಚೀಲವೂ ಸಿಗುತ್ತದೆ, ಅದನ್ನೇ ಮಲಗಿಸಿ ಅಳತೆ ತಗೋ. ಕಟಿಂಗ್ ಪಟ್ಟಿ ಕಳಿಸು, ಹಾಳೆ ಕೊಯ್ಯಿಸುವ ಮುಂಚೆ ನೋಡಿಕೊಡುತ್ತೇನೆ.

ನಿನ್ನ ಗೆಳೆಯ