ಬೇಲೂರು ಅಂಗಡಿ ಓಪನ್ ಆಯ್ತು, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳ್ಬೇಕು

ಹೋದ ವಾರ ಬೇಲೂರಲ್ಲಿ ನಮ್ಮ ಎರಡನೇ ಗೊಬ್ಬರದ ಅಂಗಡಿ ಪೂಜೆ ಆಯ್ತು. ಬಂದೋರು, ಬರೋಕಾಗ್ದೆ ಫೋನ್ ಮಾಡಿದೋರು, ಮೆಸೇಜ್ ಹಾಕಿದೋರು ಎಲ್ರಿಗೂ ಕೈ ಮುಗಿದು ಥ್ಯಾಂಕ್ಸ್. "ಗೊಬ್ಬರದ ಅಂಗಡಿ ಹುಡುಗಿ ಎಷ್ಟು ಬೆಳೆದ್ಬಿಟ್ಲು" ಅಂತ ಯಾರೋ ಬರ್ದಿದ್ರು. ನನ್ ಜೊತೆ ಬ್ಯಾಂಕ್ ಸಾಲನೂ ಬೆಳೆದಿದೆ, ಅದು ಫೋಟೋದಲ್ಲಿ ಕಾಣಲ್ಲ ಅಷ್ಟೆ.

ಹಾಸನದ ಅಂಗಡಿ ಅಪ್ಪ ಕಟ್ಟಿದ್ದು. ಈ ವ್ಯಾಪಾರ ಹೊರಗಿಂದ ನೋಡೋರಿಗೆ ಭಾರಿ ಕಾಣುತ್ತೆ, ಆದ್ರೆ 45 ಕೆಜಿ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, ಅದರ ಮೇಲೆ ಒಂದ್ರೂಪಾಯಿ ಕೇಳೋಹಾಗಿಲ್ಲ, ಇಳಿಸೋ ಕೂಲಿ, ಗೋಡೌನ್ ಬಾಡಿಗೆ, ಹರಿದ ಚೀಲ ಎಲ್ಲಾ ನಮಗೆ ಸಿಗೋ ಚಿಲ್ಲರೆ ಮಾರ್ಜಿನ್ನಲ್ಲೇ ಹೋಗ್ಬೇಕು. ಜೊತೆಗೆ ಉದ್ರಿ. ಆಲೂಗಡ್ಡೆಗೆ ರೇಟ್ ಬಿದ್ದ ವರ್ಷ ನಮ್ ಉದ್ರಿ ಬುಕ್ಕು ದಪ್ಪ ಆಗುತ್ತೆ.

2021ರ ಮೇ ತಿಂಗಳು ಹೆಂಗಿತ್ತು ಅಂತ ನಿಮಗೆಲ್ಲ ಗೊತ್ತು, ಅಪ್ಪ ಆಸ್ಪತ್ರೇಲಿದ್ದಿದ್ದೂ ಗೊತ್ತು, ಮತ್ತೆ ಬರೆಯಲ್ಲ. ಬಿತ್ತನೆ ಟೈಮು, ಲಾಕ್‌ಡೌನು, ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆಗೀಬಹುದಿತ್ತು. ಡಿಎಪಿ ಗೊಬ್ಬರದ ರೇಟ್ ಏರಿ, ಕೇಂದ್ರದೋರು ಚೀಲದ ಸಬ್ಸಿಡಿನ 500ರಿಂದ 1200ಕ್ಕೆ ಏರಿಸಿದ್ಮೇಲೆ ರೈತರಿಗೆ ಚೀಲದ ರೇಟ್ ಮತ್ತೆ ಹಳೇ 1200 ರೂಪಾಯಿಗೇ ಬಂದಿತ್ತು, ಅದನ್ನ ಕೌಂಟರಲ್ಲಿ ಹೇಳಿ ಹೇಳಿ ಗಂಟಲು ಹೋಯ್ತು. ಸ್ಯಾನಿಟೈಸರ್ ಹಚ್ಚಿದ ಹೆಬ್ಬೆಟ್ಟನ್ನ ಪಿಓಎಸ್ ಮಷೀನು (ಆಧಾರ್ ಬೆರಳಚ್ಚು ನೋಡಿ ಬಿಲ್ ಹಾಕೋದು) ಓದ್ತಾನೇ ಇರ್ಲಿಲ್ಲ, ಪಂಚೆಗೆ ಒರೆಸ್ಕೊಂಡು ಒತ್ತಿ ಒತ್ತಿ ಸಾಕಾಗ್ತಿತ್ತು ಜನಕ್ಕೆ.

ಅಂಥಾದ್ರಲ್ಲಿ ಒಂದಿನ ರಾತ್ರಿ ಎರಡು ಲಾರಿ ಲೋಡ್ ಒಟ್ಟಿಗೇ ಬಂತು. ಅದೇ ರಾತ್ರಿ ಗಾಳಿಮಳೆಗೆ ಗೋಡೌನ್ ಮೂಲೆ ಶೀಟ್ ಹಾರಿ ಹೋಯ್ತು, ಕೆಳಗೆ ಯೂರಿಯಾ ನಿಟ್ಟು, ಅಂದ್ರೆ ಒಂದ್ರ ಮೇಲೊಂದು ಜೋಡಿಸಿದ ಚೀಲಗಳು. ಹಮಾಲಿಗಳು ಯಾರೂ ಬರೋಹಾಗಿರ್ಲಿಲ್ಲ, ಅವರನ್ನ ದೂರೋಕೂ ಆಗಲ್ಲ, ಎಲ್ರ ಮನೇಲೂ ಭಯ. ಬಂದಿದ್ದು ನಮ್ಮ ಹಮಾಲಿಗಳ ಮೇಸ್ತ್ರಿ ಒಬ್ರೇ, ಜೊತೆಗೆ ಅವರ ಮಗ. ಹೆಸರು ಹಾಕ್ಬೇಡ ಅಂದಿದಾರೆ, ಅದಕ್ಕೆ ಹಾಕ್ತಿಲ್ಲ. ನಾನು ಟಾರ್ಚ್ ಹಿಡ್ಕೊಂಡು ನಡುಗ್ತಾ ನಿಂತಿದ್ದೆ. "ಅಮ್ಮಣ್ಣಿ, ನೀನ್ ಬಿಲ್ ನೋಡ್ಕೋ, ಚೀಲ ನಾನ್ ನೋಡ್ಕತೀನಿ" ಅಂದೋರು ಮೊದ್ಲು ಯೂರಿಯಾ ನಿಟ್ಟಿಗೆ ಕೈ ಹಾಕಿದ್ರು, ಅದು ನೀರು ಕುಡಿದ್ರೆ ಮುಗೀತು ಅಂತ. ಡ್ರೈವರ್ ಅವಸರ ಮಾಡ್ತಿದ್ದ, ಕೊಕ್ಕೆ ಹಾಕಿ ಎಳೀರಿ ಅಂತ. ಮೇಸ್ತ್ರಿ ಕೊಕ್ಕೆ ಮುಟ್ಲೇ ಇಲ್ಲ. ಕೊಕ್ಕೆ ಹಾಕಿದ್ರೆ ಚೀಲಕ್ಕೆ ತೂತು, ತೂತು ಚೀಲ ರೈತ ತಗೋಳಲ್ಲ. ಒಂದೊಂದನ್ನೂ ಎರಡು ಕಿವಿ ಹಿಡಿದು ಬೆನ್ನಿಗೆ ಏರಿಸ್ಕೊಂಡು, ಅದೂ 50 ಕೆಜಿ ಡಿಎಪಿ, ಅವರ ವಯಸ್ಸಲ್ಲಿ.

ನಡುರಾತ್ರಿ ಕಳೆದ್ಮೇಲೆ ಆಸ್ಪತ್ರೆಯಿಂದ ಫೋನ್. ನನಗೆ ಎತ್ತೋಕಾಗ್ಲಿಲ್ಲ. ಕೈಯೇ ಬರ್ಲಿಲ್ಲ. ಮೇಸ್ತ್ರಿ ಒದ್ದೆ ಟವೆಲ್ಲಲ್ಲಿ ಕೈ ಒರೆಸ್ಕೊಂಡು ಅವರೇ ಎತ್ತಿದ್ರು, ಸ್ವಲ್ಪ ಹೊತ್ತು ಹೂಂ ಹೂಂ ಅಂದ್ರು. ಆಮೇಲೆ ನನ್ ಕಡೆ ತಿರುಗಿ, "ಯಜಮಾನ್ರು ನರ್ಸಮ್ಮನ ಕೈಲಿ ಕೇಳಿಸ್ತಾವ್ರೆ, ಲೋಡು ಬಂತಾ ಅಂತ." ಅಳು, ನಗು ಎರಡೂ ಬಂತು ನನಗೆ, ಪೊಟ್ಯಾಷ್ ಚೀಲದ ಮೇಲೆ ಕೂತ್ಕೊಂಡ್ಬಿಟ್ಟೆ. ಬೆಳಕು ಹರಿಯೋವಾಗ ಲಾರಿ ಖಾಲಿ. ಕೂಲಿ ಕೊಡೋಕೆ ಹೋದ್ರೆ "ಯಜಮಾನ್ರು ಬಂದ್ಮೇಲೆ ಅವ್ರ ಕೈಲೇ ಈಸ್ಕತೀನಿ" ಅಂದ್ರು. ಹಂಗೇ ಈಸ್ಕೊಂಡ್ರು ಕೂಡ, ಲೆಕ್ಕಕ್ಕಿಂತ ಒಂದ್ರೂಪಾಯಿ ಜಾಸ್ತಿ ತಗೊಳ್ಲಿಲ್ಲ.

ಆವತ್ತು ಅವರು ಬರ್ದೇ ಇದ್ದಿದ್ರೆ ಬೇಲೂರಿರ್ಲಿ, ಹಾಸನದ ಶಟರ್ ಕೂಡ ಎತ್ತೋ ಧೈರ್ಯ ನನಗೆ ಇರ್ತಿರ್ಲಿಲ್ಲ.

ಉಳಿದೋರು ಬೇಜಾರು ಮಾಡ್ಕೋಬೇಡಿ: ಲೈಸೆನ್ಸಿಗೆ ನನ್ನ ಹೆಸರು ಸೇರಿಸೋಕೆ ದಾರಿ ತೋರಿಸಿದ ರೈತ ಸಂಪರ್ಕ ಕೇಂದ್ರದ ಸಾರ್, ಡೀಲರ್‌ಗಳ ಡಿಪ್ಲೊಮಾಗೆ ಹೋಗೋವಾಗ ಅಂಗಡಿ ನೋಡ್ಕೊಂಡ ಚಿಕ್ಕಪ್ಪ, ಮಣ್ಣಿನ ಡೌಟಿಗೆಲ್ಲ ಉತ್ತರ ಕೊಟ್ಟ ಕಂದಲಿ ಕೃಷಿ ವಿಜ್ಞಾನ ಕೇಂದ್ರದೋರು, ಆ ನರ್ಸಮ್ಮ, ಸಾಲ ಕೊಟ್ಟ ಬ್ಯಾಂಕಿನೋರು (ನೀವು ಬಡ್ಡಿ ತಗೋತೀರ, ಆದ್ರೂ), ಎಲ್ರಿಗೂ. ಆಮೇಲೆ ಮೆಕ್ಕೆಜೋಳ ಹಳದಿ ಆಯ್ತು ಇನ್ನೊಂದ್ ಚೀಲ ಯೂರಿಯಾ ಕೊಡಿ ಅಂತ ಬಂದು, ಜಿಂಕ್ ಕೊರತೆ ಇರ್ಬಹುದು ಮೊದ್ಲು ಮಣ್ಣು ಟೆಸ್ಟ್ ಮಾಡ್ಸಿ ಅಂದ್ರೆ ಬೈಕೊಂಡು ಹೋಗಿ, ಮುಂದಿನ ವರ್ಷ ರಿಪೋರ್ಟ್ ಹಿಡ್ಕೊಂಡೇ ಬಂದ ಗಿರಾಕಿಗಳಿಗೆ ಸ್ಪೆಷಲ್ ಥ್ಯಾಂಕ್ಸ್. ವ್ಯಾಪಾರ ಬೆಳೆಸಿದ್ದು ನೀವೇ.

ಪೂಜೆ ದಿನ ರಿಬ್ಬನ್ ಕತ್ತರಿಸಿ ಅಂತ ಮೇಸ್ತ್ರಿನ ಕರೆದ್ರೆ ಸೀದಾ ಹಿಂದ್ಗಡೆ ಗೋಡೌನಿಗೆ ಹೋಗಿ "ನೆಲಕ್ಕೆ ಹಲಗೆ ಹಾಕ್ಸಿಲ್ವಲ್ಲ, ಥಂಡಿ ಎಳೀತದೆ" ಅಂತ ನನಗೇ ಬೈದ್ರು. ಕೊನೆಗೆ ಅಪ್ಪಾನೇ ಕತ್ತರಿಸಿದ್ರು. ಹಲಗೆ ನಿನ್ನೆ ಬಂತು, ಸ್ಟಾಕ್ ಸೋಮವಾರದಿಂದ ಇಳಿಯುತ್ತೆ. ಬೇಲೂರು ಕಡೆಯೋರು ಬರೋವಾಗ ಆಧಾರ್ ಮರೀಬೇಡಿ, ಯೂರಿಯಾ ಬೇಕಾದ್ರೆ ಒಂದ್ ಫೋನ್ ಹಾಕ್ಕೊಂಡೇ ಬನ್ನಿ.