ಅಣುಚಾಲಿತ ಬೇರೆ, ಅಣ್ವಸ್ತ್ರ ಬೇರೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನಮ್ಮ ನೌಕಾಪಡೆಯ ಅರಿಹಂತ್ ವರ್ಗದ ಸಬ್‌ಮೆರಿನ್‌ಗಳ ಬಗ್ಗೆ ಅರ್ಧ ಪುಟದ ವರದಿ ಬಂದಿತ್ತು. ಕನ್ನಡದಲ್ಲಿ ಈ ವಿಷಯಕ್ಕೆ ಇಷ್ಟು ಜಾಗ ಸಿಗುವುದೇ ಅಪರೂಪ. ಅದಕ್ಕೆ ಮೊದಲು ಧನ್ಯವಾದ. ಆದರೆ ಶೀರ್ಷಿಕೆಯಲ್ಲಿ ‘ಅಣುಬಾಂಬ್ ಸಬ್‌ಮೆರಿನ್’ ಅಂತ ಇತ್ತು. ಒಳಗೆ ‘ಖಂಡಾಂತರ ಕ್ಷಿಪಣಿ’ ಅಂತ ಇತ್ತು. ಜೊತೆಗೆ ಹಾಕಿದ್ದ ಫೋಟೊ ಐಎನ್‌ಎಸ್ ಕುರ್ಸುರಾದ್ದು. ಅದು 2002ರಿಂದ ವಿಶಾಖಪಟ್ಟಣದ ಆರ್‌ಕೆ ಬೀಚ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಹಳೇ ಡೀಸೆಲ್ ಬೋಟ್. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಅದರೊಳಗೆ ಹೋಗಿ ಬಂದವಳು. ಫೋಟೊ ನೋಡಿದ ಕೂಡಲೇ ಗುರುತು ಹಿಡಿದು ಕೇಳಿದಳು, “ತಾತ, ನೀವೂ ಅಣುಬಾಂಬ್ ಪಕ್ಕದಲ್ಲೇ ಮಲಗ್ತಿದ್ರಾ?”

ನೀರಿನೊಳಗೇ ಓಡಿ ಹೋಗಿ ಸಿಡಿಯುವ ಟಾರ್ಪಿಡೊ ಪಕ್ಕ ಮಲಗಿದ್ದು ನಿಜ, ಅಣುಬಾಂಬ್ ಪಕ್ಕ ಅಲ್ಲ. ಕುರ್ಸುರಾದಂಥದೇ ರಷ್ಯನ್ ಬೋಟ್‌ಗಳ ಎಂಜಿನ್ ರೂಮಿನಲ್ಲಿ ಎಂಟು ವರ್ಷ ದುಡಿದವನು ನಾನು. ಮೊಮ್ಮಗಳಿಗೆ ಹೇಳಿ ಸುಮ್ಮನಾಗಬಹುದಿತ್ತು. ಈ ಪತ್ರ ಬರೆಯುತ್ತಿರುವುದು ಇನ್ನೊಬ್ಬರ ಸಲುವಾಗಿ.

ನಮ್ಮ ರಸ್ತೆಯ ಕೊನೆಯ ಮನೆಯ ಹುಡುಗ ನೇವಿ ಸೇರಿ ಎರಡು ವರ್ಷವಾಯಿತು. ಸಬ್‌ಮೆರಿನ್ ವಿಭಾಗಕ್ಕೆ ಯಾರನ್ನೂ ಬಲವಂತವಾಗಿ ಕಳಿಸುವುದಿಲ್ಲ. ಇವನು ತಾನೇ ಹೆಸರು ಕೊಟ್ಟಿದ್ದಾನೆ. ವರದಿ ಬಂದ ದಿನ ಸಂಜೆ ಅವನ ತಾಯಿ ಪತ್ರಿಕೆ ಮಡಚಿ ಹಿಡಿದುಕೊಂಡು ಮನೆಗೆ ಬಂದರು. “ಅಂಕಲ್, ಇದರೊಳಗೆ ಇರೋರಿಗೆ ಮಕ್ಕಳೇ ಆಗಲ್ವಂತೆ, ಹೌದಾ?” ಅಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅವರು ಲೋಟ ಮುಟ್ಟಲಿಲ್ಲ.

ಅವರಿಗೆ ಪೆನ್ಸಿಲ್ ಹಿಡಿದು ಬರೆದು ತೋರಿಸಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಸಬ್‌ಮೆರಿನ್ ಓಡುವುದು ಯಾವುದರಿಂದ ಅನ್ನುವುದು ಒಂದು ಪ್ರಶ್ನೆ. ಅದು ಹೊರುವುದು ಏನನ್ನು ಅನ್ನುವುದು ಬೇರೆ ಪ್ರಶ್ನೆ. ‘ಅಣು’ ಅನ್ನುವ ಒಂದೇ ಪದ ಎರಡಕ್ಕೂ ಅಂಟಿಕೊಂಡು ಗೊಂದಲವಾಗಿದೆ.

ನಮ್ಮ ಡೀಸೆಲ್ ಬೋಟ್ ನೀರಿನಡಿ ಬ್ಯಾಟರಿಯಲ್ಲಿ ಓಡುತ್ತಿತ್ತು. ಬ್ಯಾಟರಿ ಇಳಿದರೆ ಮೇಲಕ್ಕೆ ಬಂದು, ಉಸಿರುಕೊಳವೆಯನ್ನು ನೀರಿನಿಂದ ಹೊರಗೆ ಚಾಚಿ, ಎಂಜಿನ್ ಹಚ್ಚಿ ಚಾರ್ಜ್ ಮಾಡಬೇಕು. ಸ್ನಾರ್ಟ್ ಮಾಡುವುದು ಅಂತ ಹೇಳುತ್ತಿದ್ದೆವು. ಅಲೆ ಬಡಿದರೆ ಕೊಳವೆಯ ಬಾಯಿ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ನಿಲ್ಲುವುದಿಲ್ಲ, ಬೋಟ್ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ನಮ್ಮ ಕಿವಿ ಗಪ್ಪೆಂದು ಕಟ್ಟುತ್ತಿತ್ತು. ಬಾಯಿ ತೆರೆದು ದವಡೆ ಆಡಿಸುತ್ತಾ ಗೇಜ್ ನೋಡುತ್ತಾ ನಿಂತಿರಬೇಕು. ಕೊಳವೆಯ ಬಾಯಿ ಮತ್ತೆ ತೆರೆದಾಗ ಗಾಳಿ ನುಗ್ಗಿ ಇನ್ನೊಮ್ಮೆ ಕಿವಿಗೆ ಹೊಡೆತ. ಬಿರುಸಾದ ರಾತ್ರಿಗಳಲ್ಲಿ ಇದು ಗಂಟೆಗಟ್ಟಲೆ ನಡೆಯುತ್ತಿತ್ತು. ಸಿಹಿನೀರು ಕುಡಿಯಲು, ಅಡುಗೆಗೆ ಮಾತ್ರ. ಬಟ್ಟೆಯ ಡೀಸೆಲ್ ವಾಸನೆ ಮೂರು ಸಲ ಒಗೆದರೂ ಹೋಗುತ್ತಿರಲಿಲ್ಲ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಇದಕ್ಕಿಂತ ಮುಖ್ಯ ಅಂದರೆ, ಕೊಳವೆ ಹೊರಗೆ ಚಾಚಿದ ಹೊತ್ತಿನಲ್ಲೇ ಶತ್ರುವಿನ ವಿಮಾನಕ್ಕೆ ನಾವು ಸಿಕ್ಕಿಬೀಳುವ ಭಯ.

ಅಣುಚಾಲಿತ ಬೋಟ್‌ಗೆ ಈ ಕಷ್ಟವಿಲ್ಲ. ಯುರೇನಿಯಂ ಕೊಡುವ ಶಾಖದಿಂದ ನೀರು ಕಾಯುತ್ತದೆ, ಆವಿಯಾಗುತ್ತದೆ, ಆವಿ ಟರ್ಬೈನ್ ತಿರುಗಿಸುತ್ತದೆ. ಒಲೆ ಮಾತ್ರ ಬೇರೆ, ಅದೇ ರಿಯಾಕ್ಟರ್, ಅದಕ್ಕೆ ಗಾಳಿಯೇ ಬೇಡ. ಅರಿಹಂತ್‌ದು 83 ಮೆಗಾವ್ಯಾಟ್ ಒಲೆ. ಅದರ ಮಾದರಿಯನ್ನು ಮೊದಲು ಕಲ್ಪಾಕ್ಕಂನಲ್ಲಿ ನೆಲದ ಮೇಲೆ ಕಟ್ಟಿ ಓಡಿಸಿ ನೋಡಿದ್ದರು. ಇಂಥ ಬೋಟ್ ಸಮುದ್ರದ ನೀರಿನಿಂದಲೇ ಸಿಹಿನೀರು ಮಾಡಿಕೊಳ್ಳುತ್ತದೆ, ನೀರಿನಿಂದಲೇ ಆಮ್ಲಜನಕ ತೆಗೆಯುತ್ತದೆ. ಒಳಗಿನವರ ಊಟದ ದಾಸ್ತಾನು ಮುಗಿಯುವವರೆಗೆ ಮೇಲೆ ಬರುವ ಅಗತ್ಯವಿಲ್ಲ.

ಅಣುಚಾಲಿತ ಅಂದ ಮಾತ್ರಕ್ಕೆ ಅದರಲ್ಲಿ ಅಣುಬಾಂಬ್ ಇರಬೇಕೆಂದಿಲ್ಲ. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಬಾಡಿಗೆಗೆ ಪಡೆದ ಐಎನ್‌ಎಸ್ ಚಕ್ರ ವಿಶಾಖಪಟ್ಟಣಕ್ಕೆ ಬಂದಾಗ ನಾನು ಅಲ್ಲೇ ಇದ್ದೆ. ಅದು ಅಣುಚಾಲಿತ, ಅದರಲ್ಲಿ ಅಣ್ವಸ್ತ್ರ ಇರಲಿಲ್ಲ. 2012ರಲ್ಲಿ ರಷ್ಯಾದಿಂದ ಬಂದ ಎರಡನೇ ಚಕ್ರವೂ ಹಾಗೆಯೇ. ಅರಿಹಂತ್ ಎರಡೂ ಹೌದು. 2009ರ ಜುಲೈ 26ರಂದು ನೀರಿಗಿಳಿದು, 2016ರಲ್ಲಿ ಸದ್ದಿಲ್ಲದೆ ನೌಕಾಪಡೆಗೆ ಸೇರಿತು. ಅದರ ತಂಗಿ ಅರಿಘಾತ್ ಸೇರಿದ್ದು 2024ರ ಆಗಸ್ಟ್ 29ರಂದು.

ಇನ್ನು ಆ ‘ಖಂಡಾಂತರ’. ಬ್ಯಾಲಿಸ್ಟಿಕ್ ಅಂದರೆ ಮೇಲಕ್ಕೆ ಚಿಮ್ಮಿ, ಎಸೆದ ಕಲ್ಲಿನ ಹಾಗೆ ಬಾಗಿ ಬಂದು ಬೀಳುವ ಕ್ಷಿಪಣಿ, ಎಷ್ಟು ದೂರ ಅನ್ನುವುದು ಬೇರೆ ಮಾತು. ಆ ಪದ ಇದ್ದಲ್ಲೆಲ್ಲ ನಮ್ಮ ಪತ್ರಿಕೆಗಳು ಖಂಡಾಂತರ ಅಂತ ಬರೆದುಬಿಡುತ್ತವೆ. ಅರಿಹಂತ್ ಹೊರುವ ಕೆ-15 ಕ್ಷಿಪಣಿ ಹೋಗುವುದು ಸುಮಾರು 750 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದಕ್ಕಿಂತ ಜಾಸ್ತಿ. 2024ರ ನವೆಂಬರ್‌ನಲ್ಲಿ ಅರಿಘಾತ್‌ನಿಂದ ಹಾರಿಸಿ ನೋಡಿದ ಕೆ-4 ಸುಮಾರು 3,500 ಕಿಲೋಮೀಟರ್ ಹೋಗುತ್ತದೆ. ಖಂಡಾಂತರ ಅನ್ನಿಸಿಕೊಳ್ಳಲು 5,500 ಕಿಲೋಮೀಟರ್ ದಾಟಬೇಕು. ಇದು ಸುಮ್ನೆ ಲೆಕ್ಕದ ಮಾತಲ್ಲ. ಕ್ಷಿಪಣಿ 750 ಕಿಲೋಮೀಟರಿನದಾದರೆ ಬೋಟ್ ಎದುರಾಳಿಯ ತೀರದ ಹತ್ತಿರಕ್ಕೆ ಹೋಗಬೇಕು. 3,500 ಆದರೆ ಬಂಗಾಳ ಕೊಲ್ಲಿಯಲ್ಲೇ ಅಡಗಿರಬಹುದು. ಒಳಗಿರುವ ಹುಡುಗರಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನೀವೇ ಯೋಚಿಸಿ.

ಆ ತಾಯಿಗೆ ನಾನು ಯಾವುದನ್ನೂ ಮುಚ್ಚಿಡಲಿಲ್ಲ. ರಿಯಾಕ್ಟರ್ ಇರುವುದು ದಪ್ಪ ಗೋಡೆಗಳ ಪ್ರತ್ಯೇಕ ವಿಭಾಗದಲ್ಲಿ, ಸಿಬ್ಬಂದಿ ವಿಕಿರಣ ಅಳೆಯುವ ಪುಟ್ಟ ಸಾಧನವನ್ನು ಮೈಮೇಲೇ ಇಟ್ಟುಕೊಂಡಿರುತ್ತಾರೆ ಅಂದೆ. 1961ರಲ್ಲಿ ಸೋವಿಯತ್ ಒಕ್ಕೂಟದ ಕೆ-19 ಅನ್ನುವ ಬೋಟಿನಲ್ಲಿ ರಿಯಾಕ್ಟರ್ ಕೆಟ್ಟು, ರಿಪೇರಿಗೆ ಒಳಗೆ ಹೋದವರು ಕೆಲವೇ ವಾರಗಳಲ್ಲಿ ಸತ್ತರು ಅಂತಲೂ ಹೇಳಿದೆ. 2000ದಲ್ಲಿ ರಷ್ಯಾದ ಕುರ್ಸ್ಕ್ ಮುಳುಗಿ 118 ಜನ ಹೋದರು. ಅದಕ್ಕೆ ಕಾರಣ ಟಾರ್ಪಿಡೊ ಸ್ಫೋಟ, ರಿಯಾಕ್ಟರ್ ಅಲ್ಲ. 2013ರಲ್ಲಿ ಮುಂಬೈ ಬಂದರಿನಲ್ಲೇ ನಮ್ಮ 18 ಜನರನ್ನು ನುಂಗಿದ ಸಿಂಧುರಕ್ಷಕ್ ಡೀಸೆಲ್ ಬೋಟ್. ಸಬ್‌ಮೆರಿನ್ ಯಾವುದಾದರೂ ಅಪಾಯ ಇದ್ದದ್ದೇ. ಅದು ಎಲ್ಲಿಂದ ಬರುತ್ತದೆ ಅಂತ ಸರಿಯಾಗಿ ತಿಳಿದಿರಬೇಕು, ಅಷ್ಟೆ.

ಹೊರಡುವ ಮುಂಚೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. “ನನ್ನ ಮಗ ಬಟನ್ ಒತ್ತಬೇಕಾಗುತ್ತಾ ಅಂಕಲ್?”

ಭಾರತ ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಅಂತ 2003ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿದ ನೀತಿ ಇದೆ. ಆದೇಶ ಕೊಡುವ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ಮಂಡಳಿಗೆ ಮಾತ್ರ, ಬೋಟ್‌ನ ಕ್ಯಾಪ್ಟನ್‌ಗೂ ಇಲ್ಲ. ನಮ್ಮ ಮೇಲೆ ಬಾಂಬ್ ಬಿದ್ದ ಮೇಲೂ ಉತ್ತರ ಕೊಡುವ ಒಂದು ಬೋಟ್ ಎಲ್ಲೋ ಉಳಿದಿದೆ ಅಂತ ಎದುರಾಳಿಗೆ ಗೊತ್ತಿರಬೇಕು. ಆ ಭಯಕ್ಕೆ ಅವನು ಮೊದಲ ಬಾಂಬ್ ಹಾಕದೇ ಇರಬೇಕು. ಆದ್ದರಿಂದ ಈ ಬೋಟ್‌ನ ಕೆಲಸ ಅಂದರೆ ಯಾರಿಗೂ ಸಿಗದ ಹಾಗೆ ಇರುವುದು. ಬ್ರಿಟನ್ 1969ರಿಂದ ಇಂಥ ಒಂದು ಬೋಟನ್ನು ಸದಾ ಸಮುದ್ರದಲ್ಲಿ ಇಟ್ಟಿದೆ. ಆ ಒಂದಕ್ಕಾಗಿ ಅವರು ಸಾಕುವುದು ನಾಲ್ಕು. ‘ಒಂದೆರಡು ಇದ್ದರೆ ಸಾಕಲ್ವಾ’ ಅಂತ ಪಾರ್ಕಿನಲ್ಲಿ ಕೇಳುವ ಗೆಳೆಯರಿಗೂ ಇದೇ ನನ್ನ ಉತ್ತರ.

ಇಷ್ಟು ಹೇಳಿ, ಅವನು ಎಂಜಿನ್ ಕಡೆಯವನು, ಬಟನ್ ಅವನ ಕೈಯಲ್ಲಿ ಇರುವುದಿಲ್ಲ ಅಂದೆ. ಆದರೆ ಬೋಟ್ ಅಂದಮೇಲೆ ಅದು ಮಾಡುವ ಪ್ರತಿಯೊಂದರಲ್ಲೂ ಎಲ್ಲರ ಕೈ ಇರುತ್ತದೆ. ಅದನ್ನೂ ಹೇಳಿದೆ. ಅವರು ತಲೆ ಆಡಿಸಿದರು. ತಣ್ಣಗಾಗಿದ್ದ ಕಾಫಿ ಕುಡಿದು ಎದ್ದರು.

ಅವನಿಗೆ ಯಾವ ಬೋಟ್ ಅಂತ ಇನ್ನೂ ತೀರ್ಮಾನವಾಗಿಲ್ಲ. ಮುಂಬೈಯ ಡೀಸೆಲ್ ಬೋಟ್ ಕೂಡ ಆಗಬಹುದು. ಡೀಸೆಲ್ ಬೋಟ್ ಅನ್ನುವುದು ಈಗಲೂ ಇದೆ ಎಂಬುದೇ ಆ ತಾಯಿಗೆ ನನ್ನಿಂದ ಗೊತ್ತಾಯಿತು.

ಸಂಪಾದಕರಲ್ಲಿ ಕೇಳುವುದು ಇಷ್ಟೇ. ಓಡಿಸುವ ಶಕ್ತಿಗೆ ‘ಅಣುಚಾಲಿತ’ ಅನ್ನಿ, ಹೊರುವ ಆಯುಧಕ್ಕೆ ‘ಅಣ್ವಸ್ತ್ರ’ ಅನ್ನಿ, ಬ್ಯಾಲಿಸ್ಟಿಕ್ ಅನ್ನುವುದನ್ನು ಬ್ಯಾಲಿಸ್ಟಿಕ್ ಅಂತಲೇ ಬಿಡಿ. ಫೋಟೊ ಸಿಗದಿದ್ದರೆ ಫೋಟೊ ಇಲ್ಲದೆಯೇ ಸುದ್ದಿ ಹಾಕಿ. ಮುಂದಿನ ತಿಂಗಳು ಹುಡುಗ ತರಬೇತಿಗೆ ವಿಶಾಖಪಟ್ಟಣದ ಐಎನ್‌ಎಸ್ ಸಾತವಾಹನ ಕೇಂದ್ರಕ್ಕೆ ಹೊರಡುತ್ತಾನೆ. ಅವನ ಮನೆಗೆ ಬರುವುದೂ ನಿಮ್ಮ ಪತ್ರಿಕೆಯೇ.

– ನೌಕಾಪಡೆಯ ನಿವೃತ್ತ ಸಿಬ್ಬಂದಿ, ವಿದ್ಯಾರಣ್ಯಪುರ, ಬೆಂಗಳೂರು